ಗದಗಿನ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ಒಂಬತ್ತನೇ ತರಗತಿಯಲ್ಲಿ ಓದುವ ಮಗಳು ನಮ್ಮೂರಿನ ಪಿನ್ ಕೋಡ್ 582101 ಅನ್ನು 3, 7, 11ರಿಂದ ಭಾಗಿಸಿ ನೋಡಿದಳು. ಪ್ರತಿ ಸಲವೂ ಶೇಷ ಉಳಿಯಿತು. ಹಾಗಾಗಿ ಇದು ಅವಿಭಾಜ್ಯ ಸಂಖ್ಯೆಯೇ ಎಂದು ಅವಳು ಪಟ್ಟು ಹಿಡಿದಿದ್ದಾಳೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಪರೀಕ್ಷಿಸುವುದು ಹೇಗೆ?
— ಪಾಲಕರೊಬ್ಬರು, ಗದಗ

ಉತ್ತರ: ಅವಿಭಾಜ್ಯವಲ್ಲ. ಆದರೆ ನಿಮ್ಮ ಮಗಳು ಹಿಡಿದ ದಾರಿ ಸರಿಯಾಗಿಯೇ ಇದೆ, 11ರ ನಂತರದ ಅವಿಭಾಜ್ಯವನ್ನೂ ನೋಡಿದ್ದರೆ ಉತ್ತರ ಕೈಗೆ ಸಿಗುತ್ತಿತ್ತು: 582101 = 13 × 44777.

7, 11, 13 ಮೂರನ್ನೂ ಒಂದೇ ಕಳೆಯುವ ಲೆಕ್ಕದಲ್ಲಿ ಪರೀಕ್ಷಿಸಬಹುದು. ಇವುಗಳ ಗುಣಲಬ್ಧ 1001. ಸಂಖ್ಯೆಯನ್ನು 582 ಮತ್ತು 101 ಎಂದು ಒಡೆಯಿರಿ. ಅಂಚೆ ಇಲಾಖೆಯೂ ಇಲ್ಲಿಯೇ ಒಡೆಯುತ್ತದೆ, ಮೊದಲ ಮೂರು ಅಂಕಿ ವಿಂಗಡಣಾ ಜಿಲ್ಲೆಗೆ, ಉಳಿದ ಮೂರು ಅಂಚೆ ಕಚೇರಿಗೆ. 582ನ್ನು 1001ರಿಂದ ಗುಣಿಸಿದರೆ 582582. ನಮ್ಮ ಸಂಖ್ಯೆ ಅದಕ್ಕಿಂತ 481 ಕಡಿಮೆ, ಅಂದರೆ 582 − 101. ಇನ್ನು 481ನ್ನು ನೋಡಿದರೆ ಸಾಕು: 7ರಿಂದ ಭಾಗಿಸಿದರೆ ಶೇಷ 5, 11ರಿಂದ 8, 13ರಿಂದ ಏನೂ ಇಲ್ಲ.

44777ರದು ಬೆವರಿಳಿಸುವ ಕೆಲಸ. ಯಾವುದೇ ಸಂಖ್ಯೆಯನ್ನು ಎರಡು ಅಪವರ್ತನಗಳಾಗಿ ಒಡೆದರೆ ಚಿಕ್ಕದು ವರ್ಗಮೂಲವನ್ನು ಮೀರಲಾರದು. 212ರ ವರ್ಗ 44944, ಆಗಲೇ ಹೆಚ್ಚಾಯಿತು. ಆದ್ದರಿಂದ 211ರವರೆಗಿನ 47 ಅವಿಭಾಜ್ಯಗಳನ್ನು ಪರೀಕ್ಷಿಸಬೇಕು. ಯಾವುದೂ ಭಾಗಿಸುವುದಿಲ್ಲ, 44777 ಅವಿಭಾಜ್ಯ.

ನನಗೆ ಬಹಳ ಸಂತೋಷ ಕೊಟ್ಟಿದ್ದು ಮುಂದಿನ ಸಂಗತಿ. 44777ರಲ್ಲಿ 211ರ ವರ್ಗವಾದ 44521ನ್ನು ಕಳೆದರೆ ಉಳಿಯುವುದು 256, ಅದು 16ರ ವರ್ಗ! 13 ಕೂಡ 3 ಮತ್ತು 2ರ ವರ್ಗಗಳ ಮೊತ್ತ. 4ರಿಂದ ಭಾಗಿಸಿದಾಗ 1 ಶೇಷ ಬರುವ ಪ್ರತಿ ಅವಿಭಾಜ್ಯವನ್ನೂ ಹೀಗೆ ಬರೆಯಬಹುದು ಎಂದು ಫರ್ಮಾ 17ನೇ ಶತಮಾನದಲ್ಲಿ ಹೇಳಿದ, ಮುಂದಿನ ಶತಮಾನದಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ಇಂಥ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ. ಇದಕ್ಕೆ ದಾರಿ ತೋರುವ ಸೂತ್ರ ನಮ್ಮ ಬ್ರಹ್ಮಗುಪ್ತನ ಹೆಸರಿನಲ್ಲಿದೆ. ಅವನ ಗ್ರಂಥದ ಕಾಲ ಕ್ರಿ.ಶ. 628. ಸೂತ್ರವನ್ನು ಗದಗಿಗೆ ಹಚ್ಚೋಣ:

211 × 3 − 16 × 2 = 601
211 × 2 + 16 × 3 = 470

601ರ ವರ್ಗ 361201, 470ರ ವರ್ಗ 220900. ಕೂಡಿಸಿದರೆ 582101. ಕೂಡುವ, ಕಳೆಯುವ ಚಿಹ್ನೆಗಳನ್ನು ಅದಲುಬದಲು ಮಾಡಿದರೆ 665 ಮತ್ತು 374 ಎಂಬ ಇನ್ನೊಂದು ಜೋಡಿ ಬರುತ್ತದೆ. ಇವೆರಡನ್ನು ಬಿಟ್ಟು ಮೂರನೆಯದಿಲ್ಲ. ಆ ಜೋಡಿಯ ವರ್ಗಗಳನ್ನು ಮಗಳೇ ಕೂಡಿಸಿ ನೋಡಲಿ.

ಹುಬ್ಬಳ್ಳಿಯ 580020 ಇದಕ್ಕೆ ತದ್ವಿರುದ್ಧ. ಅದು 2 × 2 × 3 × 5 × 7 × 1381. ಭಾಜಕಗಳು 48, ಗದಗಿನದಕ್ಕೆ ನಾಲ್ಕೇ. ಆದರೂ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. 4ರಿಂದ ಭಾಗಿಸಿದಾಗ 3 ಶೇಷ ಬರುವ ಅವಿಭಾಜ್ಯಗಳು ಅಪವರ್ತನಗಳಲ್ಲಿ ಸಮಸಂಖ್ಯೆಯಷ್ಟು ಸಲ ಬರಬೇಕು. ಇಲ್ಲಿ 3 ಮತ್ತು 7 ಒಂದೊಂದೇ ಸಲ ಬಂದಿವೆ.