ಎರಡನೆಯ ಸಹಿ

ಬೆಂಗಳೂರಿನಲ್ಲಿ ವೈದ್ಯಕೀಯ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ, ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ನಿದ್ರೆ ಬರುತ್ತಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆಸ್ಪತ್ರೆಯ ತರಬೇತಿಯಲ್ಲಿ ಅವರು ವಿಕಿರಣ ಚಿಕಿತ್ಸೆ ಕೊಡುವ ಲೀನಿಯರ್ ಆಕ್ಸಿಲರೇಟರ್ ಯಂತ್ರದ ಔಟ್‌ಪುಟ್ (ಅದರಿಂದ ಹೊರಬರುವ ವಿಕಿರಣದ ಪ್ರಮಾಣ) ಅಳೆಯುವುದನ್ನು ಕಲಿಯುತ್ತಿದ್ದರು. ರೋಗಿಯ ದೇಹದ ಬದಲಿಗೆ ಬಳಸುವ ನೀರಿನ ತೊಟ್ಟಿಯಲ್ಲಿ (ಫ್ಯಾಂಟಮ್) 10 ಸೆಂಟಿಮೀಟರ್ ಆಳಕ್ಕೆ, ಒಳಗಿನ ಗಾಳಿಯ ಮೂಲಕ ವಿಕಿರಣವನ್ನು ಅಳೆಯುವ ಅಯಾನ್ ಚೇಂಬರ್ ಇಳಿಸಿ ರೀಡಿಂಗ್ ಬರೆದುಕೊಂಡವರು, ತಾಪಮಾನ ಮತ್ತು ವಾಯುಒತ್ತಡದ ತಿದ್ದುಪಡಿಯನ್ನು ಲೆಕ್ಕಕ್ಕೆ ಸೇರಿಸಲು ಮರೆತರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ, ಈ ತಿದ್ದುಪಡಿಯ ಗುಣಕವನ್ನು ಬಿಟ್ಟರೆ ಡೋಸ್, ಅಂದರೆ ವಿಕಿರಣದ ಪ್ರಮಾಣ, ಸುಮಾರು ಶೇ. 10ರಷ್ಟು ಕಡಿಮೆಯಿರುವಂತೆ ಕಾಣುತ್ತದೆ. ಅದನ್ನೇ ನಂಬಿ ಯಂತ್ರವನ್ನು ಸರಿಹೊಂದಿಸಿದರೆ ರೋಗಿಗೆ ಹೆಚ್ಚು ವಿಕಿರಣ ಹೋಗುತ್ತದೆ. ಹಿರಿಯ ಭೌತವಿಜ್ಞಾನಿಗಳು ಹಾಳೆ ನೋಡಿದೊಡನೆ ತಪ್ಪನ್ನು ಗುರುತಿಸಿ ತಿದ್ದಿಸಿದರು. ಯಾವ ರೋಗಿಗೂ ತೊಂದರೆಯಾಗಲಿಲ್ಲ. ಆದರೂ “ಅವರು ನೋಡದೇ ಇದ್ದಿದ್ದರೆ ಏನಾಗುತ್ತಿತ್ತು, ಮೇಡಂ?” ಎಂಬ ಪ್ರಶ್ನೆ ಇವರನ್ನು ಬಿಡಲಿಲ್ಲ. ಹಾಸ್ಟೆಲಿಗೆ ಬಂದ ಮೇಲೂ ಅದೇ ಲೆಕ್ಕವನ್ನು ಮಧ್ಯರಾತ್ರಿಯವರೆಗೆ ಮತ್ತೆ ಮತ್ತೆ ಮಾಡುತ್ತಿದ್ದರು.

ಇದರ ಜೊತೆಗೆ, ಕಿರಣದ ಕೆಲಸ ಮಾಡಿದ ಹುಡುಗಿಗೆ ನಾಳೆ ಮಕ್ಕಳಾಗುವುದಿಲ್ಲವೆಂಬ ದೊಡ್ಡಮ್ಮನ ಮಾತೂ ಇತ್ತು. ಈ ಭಯಕ್ಕೆ ಉತ್ತರ ಅವರ ಎದೆಯ ಮೇಲೆಯೇ ಇತ್ತು. ಮೈಗೆ ತಗಲಿದ ವಿಕಿರಣವನ್ನು ದಾಖಲಿಸುವ, ಮೂರು ತಿಂಗಳಿಗೊಮ್ಮೆ ಬದಲಾಗುವ ಟಿಎಲ್‌ಡಿ ಬ್ಯಾಡ್ಜಿನ ವರದಿಯನ್ನು ತಾಯಿಗೆ ತೋರಿಸಿ, ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮಿತಿಯಿದೆ ಎಂಬುದನ್ನೂ ತಮ್ಮ ಅಂಕಿ ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದನ್ನೂ ವಿವರಿಸಲು ಹೇಳಿದೆ. ದೊಡ್ಡಮ್ಮನ ಜೊತೆ ವಾದಕ್ಕಿಳಿಯುವುದು ಬೇಡವೆಂದೆ.

ಮೊದಲನೆಯ ಭಯ ಅಷ್ಟು ಸುಲಭದ್ದಲ್ಲ, ಏಕೆಂದರೆ ಅದರಲ್ಲಿ ನಿಜವಿದೆ. ಈ ವೃತ್ತಿಯಲ್ಲಿ ಎಚ್ಚರ ತಪ್ಪಬಾರದು. ಹಾಗಾಗಿ “ಚಿಂತೆ ಬಿಡಿ” ಎಂದು ಹೇಳುವುದು ಬೇಜವಾಬ್ದಾರಿಯಾಗುತ್ತಿತ್ತು. ಆದರೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಸ್ವತಂತ್ರವಾಗಿ ಪರಿಶೀಲಿಸಿ ಸಹಿ ಮಾಡುವ ಪದ್ಧತಿ ಹುಟ್ಟಿರುವುದೇ ಜಾಣರಿಗೂ ಮರೆವು ಇರುವುದರಿಂದ. ಅಂದು ಹಿರಿಯರು ತಪ್ಪು ಹಿಡಿದದ್ದು ಅದೃಷ್ಟದಿಂದಲ್ಲ, ಅದು ಅವರ ಕೆಲಸವಾಗಿತ್ತು. ಇದನ್ನು ವಿದ್ಯಾರ್ಥಿನಿ ಬಹಳ ಹೊತ್ತು ಒಪ್ಪಲಿಲ್ಲ.

ತಿದ್ದುಪಡಿಗಳ ಪಟ್ಟಿಯನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಂಡು, ಒಂದು ಸಲ ತಾವೇ ಪರಿಶೀಲಿಸಿ, ಬಳಿಕ ಎರಡನೆಯ ಸಹಿಗೆ ಒಪ್ಪಿಸಿ ಅಲ್ಲಿಗೆ ನಿಲ್ಲಿಸಬೇಕು. ಮತ್ತೆ ನೋಡಬೇಕೆನಿಸಿದರೆ ನೋಡದೆ, ಅನಿಸಿದ ಸಮಯವನ್ನಷ್ಟೇ ಗುರುತು ಹಾಕಿಕೊಳ್ಳಬೇಕು ಎಂದು ಸೂಚಿಸಿದೆ. ತಮ್ಮ ಆತಂಕವನ್ನು ಮಾರ್ಗದರ್ಶಕರಿಗೂ ತಿಳಿಸಲು ಹೇಳಿದೆ. ಇದನ್ನು ಗೀಳು ಎಂದು ಕರೆಯುವ ಆತುರ ನನಗಿರಲಿಲ್ಲ; ಆದರೆ ಬಾಗಿಲು, ಗ್ಯಾಸ್ ಎಂದು ಬೇರೆಡೆಗೂ ಹಬ್ಬಿದರೆ ಮನೋವೈದ್ಯರನ್ನು ಕಾಣಲೇಬೇಕೆಂದೂ, ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದೂ ಸ್ಪಷ್ಟಪಡಿಸಿದೆ.

ಈಗ ಅವರು ಎಂ.ಎಸ್ಸಿ. ಮುಗಿಸಿ ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿದ್ದಾರೆ. ಹೊಸ ಯಂತ್ರದ ಮುಂದೆ ನಿಂತ ದಿನ ಮೂರನೆಯ ಸಲವೂ ಲೆಕ್ಕ ನೋಡಿದೆನೆಂದು ಹೇಳಿದರು, ಭೇಟಿಗಳು ಮುಂದುವರಿದಿವೆ.