ಹಮ್ಮಿಣಿ ಎಂದರೇನು?

ಪ್ರಶ್ನೆ: ನಮ್ಮ ಅಜ್ಜನವರ ಕಾಗದಪತ್ರಗಳ ನಡುವೆ ಉಪಾಧ್ಯಾಯರೊಬ್ಬರ ನಿವೃತ್ತಿ ಸಮಾರಂಭದ ಹಳೆಯ ಆಹ್ವಾನಪತ್ರಿಕೆ ಸಿಕ್ಕಿತು. ಅದರಲ್ಲಿ ‘ಬಿನ್ನವತ್ತಳೆ ವಾಚನ, ಹಮ್ಮಿಣಿ ಸಮರ್ಪಣೆ’ ಎಂದಿದೆ. ಹಮ್ಮಿಣಿ ಎಂದರೇನು? ‘ಹಮ್ಮು’ ಎಂಬ ಪದಕ್ಕೂ ಇದಕ್ಕೂ ಸಂಬಂಧವಿದೆಯೇ? ಇಂದಿನ ಆಹ್ವಾನಪತ್ರಿಕೆಯಲ್ಲಿ ಇದನ್ನು ಬಳಸಬಹುದೇ?

ಉತ್ತರ: ಹಮ್ಮಿಣಿ ಎಂದರೆ ಹಣದ ಚೀಲ, ಅದರಲ್ಲಿಯೂ ನಾಣ್ಯಗಳನ್ನು ತುಂಬಿ ಸೊಂಟಕ್ಕೆ ಸುತ್ತಿ ಕಟ್ಟಿಕೊಳ್ಳುತ್ತಿದ್ದ ಉದ್ದನೆಯ, ಕಿರಿದಾದ ಚೀಲ. ಅಹಂಕಾರವೆಂಬ ಅರ್ಥದ ‘ಹಮ್ಮಿ’ಗೂ ಇದಕ್ಕೂ ಯಾವ ನಂಟೂ ಇಲ್ಲ. ಇದೇ ಅರ್ಥವುಳ್ಳ ಪಾರಸಿಯ ‘ಹಮ್ಯಾನ್’ ಹಿಂದುಸ್ತಾನಿಯ ಮೂಲಕ ಬಂದು ನಮ್ಮಲ್ಲಿ ಹಮ್ಮಿಣಿಯಾಗಿದೆ. ಆದ್ದರಿಂದ, ಹಳಗನ್ನಡದ ಪಕಾರವು ಮುಂದೆ ಹಕಾರವಾಗಿ ‘ಪಸುಂಬೆ’ (ಜೋಡಿಚೀಲ) ‘ಹಸುಬೆ’ಯಾದಂತೆ ಇದಕ್ಕೂ ಪಕಾರದ ಹಳಗನ್ನಡ ರೂಪವೊಂದು ಇದ್ದಿರಬೇಕೆಂದು ಹುಡುಕುವುದು ವ್ಯರ್ಥ.

ಈ ಚೀಲದ ಆಕಾರಕ್ಕೆ ಕಾರಣ ನಾಣ್ಯದ ಭಾರ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ, ನೂರು ರೂಪಾಯಿಯೆಂದರೆ ಒಂದು ಕಿಲೋಗ್ರಾಂ ಮೀರಿದ ಹೊರೆ. ಅಷ್ಟನ್ನು ಮಡಿಲಿನಲ್ಲಿ ಗಂಟು ಕಟ್ಟಿಕೊಂಡು ನಡೆದರೆ ಅದು ಜೋಲುತ್ತದೆ, ಸದ್ದು ಮಾಡುತ್ತದೆ, ಕಳ್ಳರ ಕಣ್ಣಿಗೂ ಬೀಳುತ್ತದೆ. ನಾಣ್ಯದ ಅಗಲಕ್ಕಿಂತ ತುಸುವೇ ಹೆಚ್ಚಾದ ಬಟ್ಟೆಯ ಕೊಳವೆಯಲ್ಲಿ ಒಂದರ ಹಿಂದೊಂದರಂತೆ ತುಂಬಿ, ಮೇಲೆ ಅಂಗಿ ತೊಟ್ಟರೆ, ಭಾರವು ಸೊಂಟದ ಸುತ್ತ ಸಮನಾಗಿ ಹಂಚಿಹೋಗುತ್ತದೆ. ನೋಟುಗಳು ಬಂದು, ಬೆಳ್ಳಿ ರೂಪಾಯಿ ಚಲಾವಣೆಯಿಂದ ಮರೆಯಾದ ಮೇಲೆ ಇಂಥ ಚೀಲಕ್ಕೆ ಕೆಲಸವಿಲ್ಲದಂತಾಯಿತು.

ನಮ್ಮ ಹಿರಿಯರು ಚೀಲವೆಂದರೆ ಯಾವುದೋ ಒಂದು ಚೀಲವೆಂದು ಬಿಡುತ್ತಿರಲಿಲ್ಲ. ಹಸುಬೆ ಎಂದರೆ ಹೆಗಲ ಮೇಲೆ ಅಥವಾ ಎತ್ತಿನ ಬೆನ್ನ ಮೇಲೆ ಎರಡು ಕಡೆಗೂ ಇಳಿಬೀಳುವ ಜೋಡಿಚೀಲ. ಸಂಚಿ ಎಲೆಯಡಿಕೆಗೆ ಮೀಸಲು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಅದನ್ನು ಹಿಡಿಯುವ ಊಳಿಗದಲ್ಲಿದ್ದುದರಿಂದಲೇ ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಸಂಚಿಯ ಹೊನ್ನಮ್ಮನಾದಳು. ಇವನ್ನೆಲ್ಲ ಇಂದು ‘ಬ್ಯಾಗು’ ಎಂಬ ಒಂದೇ ಪದ ನುಂಗಿ ಕುಳಿತಿದೆ.

ನಿಮ್ಮ ಪತ್ರಿಕೆಯ ಹಮ್ಮಿಣಿ ಸೊಂಟದ ಚೀಲವಲ್ಲ. ಸಾರ್ವಜನಿಕರು ಚಂದಾ ಕೂಡಿಸಿ, ಸನ್ಮಾನಿತರಿಗೆ ಸಭೆಯಲ್ಲಿ ಹಣದ ಥೈಲಿಯನ್ನು ಒಪ್ಪಿಸುವ ಇಂಗ್ಲಿಷರ ರೂಢಿ ನಮ್ಮಲ್ಲಿಯೂ ಬೇರೂರಿದಾಗ, ಅಲ್ಲಿನ ‘ಪರ್ಸ್’ ಎಂಬುದಕ್ಕೆ ಹಮ್ಮಿಣಿ ಎಂಬ ಪದವನ್ನು ಬಳಸಿದರು. ಮುಂದೆ ಚೀಲ ಮರೆಯಾಗಿ, ಕೂಡಿಸಿದ ಮೊತ್ತವೇ ಹಮ್ಮಿಣಿ ಎನಿಸಿಕೊಂಡಿತು. 1927ರಲ್ಲಿ ಗಾಂಧೀಜಿ ಕರ್ನಾಟಕದಲ್ಲಿ ಸಂಚರಿಸಿದಾಗ ಖಾದಿಯ ಕೆಲಸಕ್ಕೆಂದು ಜನರು ಸಂಗ್ರಹಿಸಿ ಒಪ್ಪಿಸಿದಂಥ ಹಣಕ್ಕೆ ಈ ಪದ ಸರಿಯಾಗಿ ಒಪ್ಪುತ್ತದೆ.

ಇಂದೂ ಬಳಸಬಹುದು, ಆದರೆ ಒಂದು ಎಚ್ಚರಿಕೆ ಬೇಕು. ಭಾಷಣಕ್ಕೆ ಕೊಡುವ ಸಂಭಾವನೆ ಹಮ್ಮಿಣಿಯಲ್ಲ. ಸರ್ಕಾರವೋ ಸಂಸ್ಥೆಯೋ ಕೊಡುವ ಪ್ರಶಸ್ತಿಯ ಮೊತ್ತವೂ ಅಲ್ಲ. ಹಲವರು ಅಭಿಮಾನದಿಂದ ಕೂಡಿಸಿ ಅರ್ಪಿಸಿದ್ದು ಮಾತ್ರ ಹಮ್ಮಿಣಿ. ‘ಹಳೆಯ ವಿದ್ಯಾರ್ಥಿಗಳು ಗುರುಗಳಿಗೆ ಐವತ್ತು ಸಾವಿರ ರೂಪಾಯಿಗಳ ಹಮ್ಮಿಣಿಯನ್ನು ಅರ್ಪಿಸಿದರು’ ಎಂದು ಬರೆದರೆ, ಆ ಹಣ ಚೆಕ್ಕಿನ ರೂಪದಲ್ಲಿದ್ದರೂ ಪ್ರಯೋಗ ಶುದ್ಧವಾಗಿಯೇ ಇರುತ್ತದೆ. ಓದುಗರಿಗೆ ಅರ್ಥವಾಗದೆಂಬ ಅಳುಕಿದ್ದಲ್ಲಿ ‘ನಿಧಿ ಸಮರ್ಪಣೆ’ ಎನ್ನಬಹುದು. ನನ್ನ ಒಲವೇನೋ ಹಮ್ಮಿಣಿಯ ಕಡೆಗೇ.