ಮೂರು ಸಂಘದ ಸಾಲ, ಅತ್ತಿಗೆಗೆ ನಿದ್ದೆಯಿಲ್ಲ

ಪ್ರಶ್ನೆ: ನಮ್ಮದು ಚಾಮರಾಜನಗರ ಕಡೆಯ ಹಳ್ಳಿ. ಅತ್ತಿಗೆ ಮೂರು ಸಂಘದಲ್ಲಿ ಸಾಲ ತೆಗೆದಿದ್ದಾರೆ. ಒಂದು ಬೋರ್‌ವೆಲ್‌ಗೆ, ಒಂದು ಮಗಳ ಕಾಲೇಜಿಗೆ, ಇನ್ನೊಂದು ಹಳೇ ಕಂತು ಕಟ್ಟಲು. ಈಗ ಬೀದಿಯಲ್ಲಿ ಬೈಕ್ ಸದ್ದಾದರೆ ಸಾಕು, ಕಂತು ವಸೂಲಿಯವರು ಬಂದರು ಅಂತ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ‘ನಾನಿದ್ದು ಏನು ಪ್ರಯೋಜನ’ ಅನ್ನುತ್ತಾರೆ. ಅಣ್ಣ ‘ಅವಳ ಮನಸ್ಸು ವೀಕು’ ಅನ್ನುತ್ತಾನೆ. ಮಾತ್ರೆ ಕೊಡಿಸಿದರೆ ಸರಿಹೋಗುತ್ತಾರಾ?

ಉತ್ತರ: ಒಂದು ಕೂಲಿಯಲ್ಲಿ ಮೂರು ಕಂತು ಹೊಂದಿಸುತ್ತಾ ಇಷ್ಟು ದಿನ ಮನೆ ನಡೆಸಿದವರನ್ನು ವೀಕು ಅನ್ನಬೇಡಿ.

ಮೊದಲು ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ. ಪಕ್ಕದಲ್ಲಿ ಕೂತು, ‘ಅತ್ತಿಗೆ, ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಹೊಲದ ಔಷಧಿ ಮನೆಯಲ್ಲಿದ್ದರೆ ಬೇರೆಯವರ ಹತ್ತಿರ ಬೀಗ ಹಾಕಿಸಿಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೂ ತೋರಿಸಿ.

ಖಿನ್ನತೆಯಿದ್ದರೆ ಮಾತ್ರೆಯಿಂದ ಅನುಕೂಲ ಆಗುತ್ತದೆ. ಆದರೆ ಬೆಳಗಾದರೆ ಅದೇ ಬೈಕ್ ಬಂದು ನಿಲ್ಲುತ್ತದಲ್ಲ? ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ. ನಿನ್ನೆವರೆಗೆ ಸಾರು ಕೊಟ್ಟು ತಗೊಳ್ಳುತ್ತಿದ್ದ ಪಕ್ಕದ ಮನೆಯವರೇ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಕಷ್ಟ ಹೇಳಿಕೊಳ್ಳಲು ಇದ್ದವರೂ ಹೋದರು. ದುಡ್ಡಿಲ್ಲ ಅನ್ನುವುದಕ್ಕಿಂತ ಇದು ಜಾಸ್ತಿ ಸುಡುತ್ತದೆ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಹೋದರು. ಅವರಲ್ಲಿ ನೂರಕ್ಕೆ 26 ಜನ ದಿನಗೂಲಿಯವರು. ಇಂಡೋನೇಷ್ಯಾದಲ್ಲಿ ಬಡ ಮನೆಗಳಿಗೆ ಸರ್ಕಾರ ನೇರ ದುಡ್ಡು ಕೊಟ್ಟ ಕಡೆ ಆತ್ಮಹತ್ಯೆ ಸುಮಾರು 18% ಇಳಿಯಿತು. ಕೈಗೆ ನಾಲ್ಕು ಕಾಸು ಬಂದದ್ದೇ ಜೀವ ಉಳಿಸಿತು.

ಹಾಗಾಗಿ ಸಾಲಕ್ಕೂ ಮದ್ದು ಮಾಡಿ. ಆರ್‌ಬಿಐ ನಿಯಮದ ಪ್ರಕಾರ ಇಂಥ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು ಕೂಡದು. ಮನೆಯ ಎಲ್ಲ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಸಾಲ ಕೊಡುವಂತಿಲ್ಲ. ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲೂ 2025ರಲ್ಲಿ ಕಾನೂನು ಬಂದಿದೆ. ಹಿಂಸೆ ಕೊಟ್ಟರೆ ಠಾಣೆಗೆ ಹೋಗಿ, ಹಿಂಜರಿಯಬೇಡಿ.

ಭಾನುವಾರ ಮೂವರೂ ಕೂತು ಪಾಸ್‌ಬುಕ್‌ಗಳನ್ನು ಹರಡಿ, ಯಾವುದು ಎಷ್ಟು ಬಾಕಿ ಅಂತ ಬರೆಯಿರಿ. ಗಡುವು ಕೇಳಲು ನೀವೇ ಹೋಗಿ. ಮುಂದಿನ ಕಂತಿನ ದಿನ ಬಾಗಿಲಿಗೆ ಅಣ್ಣ ಬರಲಿ. ಬೋರ್‌ವೆಲ್ ಕೊರೆಸಿದ್ದು ಅತ್ತಿಗೆ ಒಬ್ಬರಿಗಾಗಿ ಅಲ್ಲ, ಅಲ್ವಾ?